ಯಾರನ್ನೂ ನಂಬದ ಮೃಗದ ಜಾತಕ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಪುಟ್ಟಿ, ನಾನೂ ಕೇಳಿದ್ದಕ್ಕೆ ನಮ್ಮಜ್ಜಿ ತಲೆ ಮೇಲೆ ಮೊಟಕಿದ್ದಳು, ಆ ಕಾಲದಲ್ಲಿ ಹುರುಳಿಗುಡ್ಡ ಅಂತ ಒಂದು ಕೋಟೆ ಇತ್ತಂತೆ, ಆ ಕೋಟೆಗೆ ಬೆಂಚಪ್ಪ ನಾಯಕ ಅಂತ ಒಬ್ಬ ಪಾಳೇಗಾರ ಇದ್ದನಂತೆ. ಅವನಿಗೆ ಎಲ್ಲಾ ಇತ್ತಂತೆ, ನಂಬಿಕೆ ಒಂದು ಇರಲಿಲ್ಲವಂತೆ. ಅಡುಗೆಯವನು ಒಗ್ಗರಣೆ ಹಾಕಿದರೆ ಇದೇನು ಇಷ್ಟು ಜೋರಾಗಿ ಚಟಪಟ ಅಂತಿದೆ, ಏನು ಹಾಕಿದೆ ಒಳಗೆ ಅನ್ನೋನಂತೆ. ಹೆಂಡತಿ ಮೊದಲು ಒಂದು ತುತ್ತು ತಿಂದು ತೋರಿಸಿದರೇನೇ ತಾನು ಉಣ್ಣೋನಂತೆ. ಯಾರಾದರೂ ನಕ್ಕರೆ ಯಾಕೆ ನಕ್ಕೆ, ಅತ್ತರೆ ಯಾರಿಗೋಸ್ಕರ ಅತ್ತೆ, ಸುಮ್ಮನೆ ಕೂತರೆ ಏನು ಸಂಚು ಮಾಡ್ತಿದ್ದೀಯ. ಬರೀ ಇದೇ.

ಆ ಕೋಟೆಯ ಕೆಳಗಿನ ಕೇರಿಯಲ್ಲಿ ಹಂಪಣ್ಣ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಗೋಡೆಗೆ, ಬಾಗಿಲಿಗೆ, ಪಲ್ಲಕ್ಕಿಗೆ ಚಿತ್ರ ಬರೆಯೋನು. ಅದರಲ್ಲೂ ಲೋಕದಲ್ಲಿ ಇಲ್ಲದ ಮೃಗಗಳನ್ನು ಬರೆಯೋದರಲ್ಲಿ ಅವನನ್ನು ಮೀರಿಸೋರು ಇರಲಿಲ್ಲವಂತೆ. ಅವನ ಹತ್ತಿರ ಮೂರು ಜನ ಶಿಷ್ಯರು. ದೊಡ್ಡವನು ಈರಣ್ಣ, ನಡುವಿನವನು ತಿಪ್ಪಯ್ಯ, ಮೂರನೆಯವಳು ಕೆಂಚಿ. ಕೆಂಚಿ ಕುಂಬಾರರ ಮಗಳು. ಆ ಮನೆಗೆ ಅವಳು ಬಂದದ್ದು ಬಣ್ಣ ಅರೆಯೋದಕ್ಕೆ. ಕಾವಿ ಅರೆದಳು, ಹುಣಸೆ ಬೀಜದ ಅಂಟು ಕಾಸಿದಳು, ಅಳಿಲ ಬಾಲದ ಕೂದಲು ಕಟ್ಟಿ ಕುಂಚ ಮಾಡಿದಳು, ಆಮೇಲೆ ಒಂದು ದಿನ, ಇಷ್ಟೆಲ್ಲ ಮಾಡಿದೋಳು ಬರೆಯೋದನ್ನೂ ಕಲೀತೀನಿ ಅಂತ ಗುರುವಿನ ಎದುರು ಕೂತೇಬಿಟ್ಟಳಂತೆ. ಹೆಣ್ಣುಮಗಳಿಗೆ ಇದೆಲ್ಲ ಯಾಕವ್ವಾ ಅಂದರಂತೆ ಕೇರಿಯವರು. ಯಾಕೋ ಗೊತ್ತಿಲ್ಲ, ಕಲಿಯೋವರೆಗೆ ಇಲ್ಲಿಂದ ಏಳೋದಿಲ್ಲ ಅನ್ನೋದು ಗೊತ್ತು ಅಂದಳಂತೆ.

ಆ ಮನೇಲಿ ಒಂದು ಪದ್ಧತಿ ಇತ್ತು ನೋಡು. ಹೊಸ ಮೃಗ ಏನಾದರೂ ಹುಟ್ಟಿಸಿದರೆ ಅದನ್ನು ನೇರ ಗೋಡೆಗೆ ಹತ್ತಿಸೋ ಹಾಗಿಲ್ಲ. ಮೊದಲು ಹಲಗೆಗೆ ಸುಣ್ಣ ಬಳಿದು ಅದರ ಜಾತಕ ಬರೀಬೇಕು. ಎದುರಿಂದ ಹೇಗೆ, ಪಕ್ಕದಿಂದ ಹೇಗೆ, ಹಿಂದಿನಿಂದ ಹೇಗೆ, ಮೂರೂ ಬರೀಬೇಕು. ಅದರ ಕೆಳಗೆ ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಯಾವುದಕ್ಕೆ ಹೆದರುತ್ತೆ, ಗುರುತಿಲ್ಲದೋರು ಬಂದರೆ ಏನು ಮಾಡುತ್ತೆ, ಎಲ್ಲಾ ಬರೀಬೇಕು. ಆಮೇಲೆ ಗುರು ಕೂತು ಒಂದೊಂದೇ ಕೇಳೋನಂತೆ. ಒಂದು ಸಲ ಈರಣ್ಣ ರೆಕ್ಕೆ ಇರೋ ಆನೆ ಬರೆದನಂತೆ. ಅಲ್ಲಪ್ಪಾ ಈರಾ, ಇದು ಮಗ್ಗುಲಾದರೆ ರೆಕ್ಕೆ ಎಲ್ಲಿ ಇಟ್ಟುಕೊಳ್ಳುತ್ತೆ ಅಂದನಂತೆ ಗುರು. ಈರಣ್ಣ ತಲೆ ಕೆರೆದುಕೊಂಡು, ಇದು ಮಲಗೋದೇ ಇಲ್ಲ ಗುರುಗಳೇ ಅಂದನಂತೆ. ಹಾಗಾದರೆ ಕಣ್ಣು ಕೆಂಪಗಿರಬೇಕಿತ್ತಲ್ಲ, ಒರೆಸು, ಮತ್ತೆ ಬರಿ ಅಂದನಂತೆ ಗುರು. ಹಾಗೆ ಒರೆಸಿ ಒರೆಸಿ ಬರೆದರೇನೇ ಮೃಗಕ್ಕೆ ಜೀವ ಬರೋದು. ನೀನು ಮೊನ್ನೆ ಬರೆದೆಯಲ್ಲ ಐದು ಬಾಲದ ಬೆಕ್ಕು, ಅದು ಕೂರೋದು ಹೇಗೆ ಹೇಳು ನೋಡೋಣ. ಗೊತ್ತಿಲ್ಲ ತಾನೇ? ಸುಮ್ಮನೆ ಕೇಳು.

ಆಮೇಲೆ ಏನಾಯಿತು ಅಂದರೆ, ನಾಯಕ ಹಂಪಣ್ಣನನ್ನು ಕರೆಸಿ ಕೋಟೆಯ ಹೆಬ್ಬಾಗಿಲಿಗೆ ಕಾವಲಿನ ಚಿತ್ರ ಬರಿ ಅಂದನಂತೆ. ಹಂಪಣ್ಣ ಎರಡು ತಲೆಯ ಹಕ್ಕಿ ಬರೆದ, ಒಂದು ತಲೆ ಈ ಕಡೆ, ಒಂದು ಆ ಕಡೆ. ಚೆನ್ನಾಗೇ ಇತ್ತಂತೆ. ನಾಯಕ ಬಂದು ನೋಡಿದ, ಮೀಸೆ ತಿರುವಿದ, ಈ ತಲೆ ನನ್ನ ನೋಡ್ತಿದೆ ಸರಿ, ಆ ತಲೆ ಪಕ್ಕದ ದುರ್ಗದ ದಾರಿ ನೋಡ್ತಿದೆಯಲ್ಲ, ಯಾರಿಗೆ ಸನ್ನೆ ಮಾಡ್ತಿದೆ ಅಂದನಂತೆ. ಹಕ್ಕಿ ಸ್ವಾಮಿ, ಬರೀ ಬಣ್ಣ ಅಂದನಂತೆ ಹಂಪಣ್ಣ. ಬಣ್ಣದ ಹಿಂದೆ ಏನಿದೆಯೋ ಅಂತ ಅವನನ್ನು ಹಿಡಿಸಿ ಸೆರೆಮನೆಗೆ ನೂಕಿಸಿಬಿಟ್ಟನಂತೆ. ಆಮೇಲೆ ಕೇರಿಯಲ್ಲಿ ಡಂಗುರ ಹೊಡೆಸಿದನಂತೆ. ಯುಗಾದಿಯೊಳಗೆ ನಾನು ನಂಬೋ ಅಂಥ ಮೃಗ ಬಾಗಿಲ ಮೇಲೆ ಇರಬೇಕು, ಅದನ್ನು ಇವನ ಶಿಷ್ಯರೇ ಬರೀಬೇಕು, ಇಲ್ಲದಿದ್ದರೆ ಹಂಪಣ್ಣನ ಬಲಗೈ ಹೆಬ್ಬೆರಳು ಕತ್ತರಿಸ್ತೀನಿ ಅಂತ.

ಹೆದರಬೇಡ, ಹೊದ್ದುಕೋ. ಚಿತ್ರ ಬರೆಯೋನಿಗೆ ಹೆಬ್ಬೆರಳು ಹೋದರೆ ಇನ್ನೇನು ಉಳೀತು ಹೇಳು. ಈರಣ್ಣ ಅದನ್ನು ಕೇಳಿದವನೇ, ನಮ್ಮ ಸೋದರಮಾವನ ಮನೇಲಿ ಮದುವೆ ಅಂತ ಗಂಟು ಕಟ್ಟಿದನಂತೆ. ತಿಪ್ಪಯ್ಯನಿಗೆ ಹೊಟ್ಟೆನೋವು ಬಂತಂತೆ, ಊರು ದಾಟಿದರೇನೇ ವಾಸಿಯಾಗೋ ಅಂಥ ಹೊಟ್ಟೆನೋವು. ಉಳಿದವಳು ಕೆಂಚಿ ಒಬ್ಬಳೇ.

ಅವಳು ಹಲಗೆ ತೆಗೆದಳು, ಸುಣ್ಣ ಬಳಿದಳು, ಬರೆಯೋಕೆ ಕೂತಳು. ಹೋತದ ಮೈ, ಬೆಕ್ಕಿನ ಮುಖ, ಉಡದ ಬಾಲ, ಕೊಕ್ಕರೆಯ ರೆಕ್ಕೆ, ಬಾಯಿ ತುಂಬ ಹಲ್ಲು. ಅಂಥ ಮೃಗ ಯಾರೂ ಕಂಡಿರಲಿಲ್ಲ. ಹಲಗೆ ಹೊತ್ತುಕೊಂಡು ಗುಡ್ಡ ಹತ್ತಿ ನಾಯಕನ ಮುಂದೆ ಇಟ್ಟಳಂತೆ. ಹೆಸರೇನು ಇದಕ್ಕೆ ಅಂದನಂತೆ ನಾಯಕ. ಇನ್ನೂ ಇಟ್ಟಿಲ್ಲ ಅಂದಳಂತೆ. ಇಟ್ಟಿಲ್ಲವೋ, ಮುಚ್ಚಿಡ್ತಿದ್ದೀಯೋ? ಇಟ್ಟಿಲ್ಲ. ಆಮೇಲೆ ಅವನು ಹಲಗೆಯ ಸುತ್ತ ಓಡಾಡಿ, ಈ ರೆಕ್ಕೆ ಯಾಕೆ, ನನ್ನ ಅನ್ನ ತಿಂದು ಪಕ್ಕದ ದುರ್ಗಕ್ಕೆ ಹಾರಿಹೋಗೋಕಾ ಅಂದನಂತೆ. ಈ ಹಲ್ಲು ಯಾರನ್ನು ಕಚ್ಚೋಕೆ? ಕಳ್ಳರನ್ನ. ಕಳ್ಳರು ಸಿಗದಿದ್ದ ದಿನ ಯಾರನ್ನ? ಅದನ್ನು ಕೆಂಚಿ ಜಾತಕದಲ್ಲಿ ಬರೆದೇ ಇರಲಿಲ್ಲವಂತೆ. ಗುರುವಾಗಿದ್ದರೆ ಒರೆಸು, ಮತ್ತೆ ಬರಿ ಅನ್ನೋನು, ಇವನು ಕಣ್ಣು ಸಣ್ಣ ಮಾಡಿ ನೋಡಿದನಂತೆ, ಅಷ್ಟೇ.

ಎರಡನೆಯ ಸಲ ಅವಳು ರೆಕ್ಕೆ ತೆಗೆದಳು, ಹಲ್ಲು ತೆಗೆದಳು, ಹುಲ್ಲು ಮೇಯೋ ಮೃಗ ಮಾಡಿದಳು. ಕಚ್ಚೋದಿಲ್ಲ, ಹಾರೋದಿಲ್ಲ, ಬರೀ ಕೇಳಿಸಿಕೊಳ್ಳುತ್ತೆ ಅಂತ ಎರಡು ಮೊರದಂಥ ಕಿವಿ ಇಟ್ಟಳಂತೆ. ನಾಯಕ ನೋಡಿದ. ಈ ಕಿವಿ ಹೊರಗಡೆಗೆ ತಿರುಗಿದೆಯೋ ಒಳಗಡೆಗೋ ಅಂದನಂತೆ. ಎರಡೂ ಕಡೆ ಕೇಳಿಸುತ್ತೆ ಸ್ವಾಮಿ. ಹಾಗಾದರೆ ನಾನು ಹೆಂಡತಿ ಹತ್ತಿರ ಮಾತಾಡಿದ್ದೂ ಇದಕ್ಕೆ ಕೇಳಿಸುತ್ತೆ. ಕೇಳಿಸುತ್ತೆ. ಕೇಳಿಸಿಕೊಂಡು ಯಾರಿಗೆ ಹೇಳುತ್ತೆ? ಯಾರಿಗೂ ಇಲ್ಲ ಸ್ವಾಮಿ, ಪಾಪದ್ದು, ಸಾಧು ಪ್ರಾಣಿ. ಅದಕ್ಕೆ ನಾಯಕ ಗಡ್ಡ ಕೆರೆದುಕೊಂಡು, ಇಷ್ಟು ಸಾಧುವಾಗಿದೆ ಅಂದರೇನೇ ನನಗೆ ಅನುಮಾನ ಅಂದುಬಿಟ್ಟನಂತೆ.

ಇಷ್ಟು ಹೊತ್ತಿಗೆ ಕೋಟೆಯ ಅನುಮಾನ ಕೇರಿಗೂ ಇಳಿದಿತ್ತು. ಅವಳು ಎರಡು ಸಲ ಗುಡ್ಡ ಹತ್ತಿ ಇಳಿದದ್ದನ್ನು ನೋಡಿ, ಇವಳು ನಾಯಕನಿಗೆ ನಮ್ಮ ಚಾಡಿ ಹೇಳೋಕೆ ಹೋಗ್ತಾಳೆ ಅಂದರಂತೆ ಕೇರಿಯವರು. ಅವಳು ನೀರಿಗೆ ಹೋದರೆ ಅಲ್ಲಿದ್ದೋರು ಮಾತು ನಿಲ್ಲಿಸೋರು. ಅವಳಿಗೂ ಅದು ಅಂಟಿಕೊಂಡಿತು. ಪಕ್ಕದ ಮನೆಯ ಹಾಲಿನ ರಾಚವ್ವ ಕಿಟಕೀಲಿ ಇಣುಕಿದರೆ ಹಲಗೆ ಮೇಲೆ ಬಟ್ಟೆ ಎಳೆಯೋಳು. ಈರಣ್ಣನೇ ಏನಾದರೂ ನಾಯಕನ ಕಿವಿ ಊದಿ ಹೋದನಾ ಅಂತ ಯೋಚಿಸೋಳು. ಒಂದು ಮಧ್ಯಾಹ್ನ ಬಾಗಿಲ ಹತ್ತಿರ ಯಾರೋ ರೊಟ್ಟಿ ಇಟ್ಟು ಹೋಗಿದ್ದರಂತೆ. ಅವಳಿಗೆ ಹಸಿವೋ ಹಸಿವು. ಆದರೂ ಒಂದು ಕಣ್ಣು ಮುಚ್ಚಿ, ಒಂದು ಕಾಲು ಹಿಂದೆ ಇಟ್ಟು, ಕತ್ತು ಉದ್ದ ಮಾಡಿ ಆ ರೊಟ್ಟಿಯನ್ನು ಮೂಸಿದಳಂತೆ. ಮತ್ತೆ ಮೂಸಿದಳು. ಮೂರನೆಯ ಸಲ ಮೂಸೋವಾಗ ರಾಚವ್ವ ಬೇಲಿ ಆಚೆಯಿಂದ, ಲೇ ಕೆಂಚಿ, ನಾಯಿ ಕೂಡ ಒಂದೇ ಸಲ ಮೂಸುತ್ತೆ ಕಣೆ, ಅದು ನಾನು ಇಟ್ಟ ರೊಟ್ಟಿ ಅಂದಳಂತೆ. ಕೆಂಚಿಗೆ ಮೊದಲು ನಾಚಿಕೆ ಬಂತು. ಆಮೇಲೆ ನಗು ಬಂತು. ಆಮೇಲೆ ರೊಟ್ಟಿ ಕಚ್ಚಿಕೊಂಡೇ ಓಡಿಹೋಗಿ ಹಲಗೆ ಒರೆಸಿ, ತಾನು ನಿಂತ ಹಾಗೇ ನಿಂತ ಮೃಗ ಬರೆದಳಂತೆ.

ಹೇಗಿತ್ತು ಅಂದರೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ತೆರೆದಿದೆ. ಒಂದು ಕಾಲು ಎತ್ತಿದೆ, ಊರಲೋ ಬೇಡವೋ ಅನ್ನೋ ಹಾಗೆ. ಬಾಲ ಹೊಟ್ಟೆ ಕೆಳಗೆ. ಮೂಗು ಮಾತ್ರ ಇಷ್ಟು ಉದ್ದ, ತುದಿ ಒದ್ದೆ. ಅದನ್ನು ನೋಡಿದ ನಾಯಕ ಕುರ್ಚಿಯಿಂದ ಎದ್ದೇಬಿಟ್ಟನಂತೆ. ಇದು ಯಾರನ್ನು ನಂಬುತ್ತೆ ಅಂದನಂತೆ. ಯಾರನ್ನೂ ಇಲ್ಲ. ನಿನ್ನನ್ನ? ನನ್ನನ್ನೂ ಇಲ್ಲ, ಬರೆಯೋವಾಗ ಮೂರು ಸಲ ಮೂಸಿತು. ನನ್ನನ್ನ? ನಿಮ್ಮನ್ನಂತೂ ಇಲ್ಲ ಸ್ವಾಮಿ. ಭಲೇ ಅಂದನಂತೆ ನಾಯಕ, ಈ ಕೋಟೇಲಿ ನನ್ನ ಬಿಟ್ಟು ಬುದ್ಧಿ ಇರೋದು ಇದೊಂದಕ್ಕೇ. ಹೇಳು, ಬಾಗಿಲಿಗೆ ಯಾರಾದರೂ ಬಂದರೆ ಏನು ಮಾಡುತ್ತೆ?

ಕೆಂಚಿ ಜಾತಕ ಓದಿದಳಂತೆ. ಯಾರೇ ಬಂದರೂ ಒಳಗೆ ಬಿಡೋದಿಲ್ಲ. ಇವನನ್ನು ನಾನು ಬಲ್ಲೆ ಅಂತ ಇನ್ನೊಬ್ಬರು ಬಂದು ಕೈ ಹಿಡಿದು ಹೇಳಬೇಕು. ಹಾಗೆ ಹೇಳೋರಿಗೆ ಆ ಬಂದವನ ಭಯ ಇರಬಾರದು. ಭಯ ಇದ್ದೋರ ಮಾತು ಇದರ ಮೂಗಿಗೆ ನಾರುತ್ತೆ. ನಾಯಕ ತೊಡೆ ತಟ್ಟಿಕೊಂಡನಂತೆ. ನಿಜ ನಿಜ, ಬೆನ್ನಿಗೆ ಚೂರಿ ಹಿಡಿದರೆ ಯಾರು ಬೇಕಾದರೂ ಬಲ್ಲೆ ಅಂತಾರೆ! ತಕ್ಷಣ ಬಾಗಿಲು ಕಾಯೋರನ್ನು ಕರೆದು, ಇವತ್ತಿಂದ ಈ ಮೃಗದ ಜಾತಕವೇ ನಿಮಗೆ ಅಪ್ಪಣೆ, ಯಾರೇ ಬರಲಿ, ನನ್ನ ಹಾಗೇ ಮೀಸೆ ಅಂಟಿಸಿಕೊಂಡು ನನ್ನ ಕುದುರೆ ಮೇಲೇ ಬಂದರೂ ಬಿಡಬೇಡಿ, ಬಿಟ್ಟರೆ ಗುಡ್ಡದಿಂದ ಉರುಳಿಸ್ತೀನಿ ಅಂದನಂತೆ. ಹಾಗಾದರೆ ನಮ್ಮ ಗುರುಗಳು ಅಂದಳಂತೆ ಕೆಂಚಿ. ಬರಿ ಮೊದಲು, ಬಾಗಿಲ ಮೇಲೆ ಅದು ಹೇಗೆ ನಡೆದುಕೊಳ್ಳುತ್ತೋ ನೋಡ್ತೀನಿ, ಆಮೇಲೆ ನೋಡೋಣ ಅಂದನಂತೆ. ನೋಡಿದೆಯಾ ಅವನ ಬುದ್ಧಿ!

ಕೆಂಚಿ ಅಟ್ಟಣೆ ಕಟ್ಟಿಸಿ ಬಾಗಿಲ ಮೇಲೆ ಮೃಗ ಬರೆದಳು. ಬರೆದು ಮುಗಿದ ಬೆಳಿಗ್ಗೆ ನಾಯಕ ಕೆರೆ ನೋಡೋಕೆ ಅಂತ ದಳವಾಯಿಯನ್ನು ಕರೆದುಕೊಂಡು ಹೊರಗೆ ಹೋದನಂತೆ, ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಹಸಿದು ವಾಪಸು ಬಂದನಂತೆ. ಬಾಗಿಲು ಮುಚ್ಚಿತ್ತು. ತೆಗೀರೋ ಅಂದ. ಯಾರು ಬಲ್ಲರು ನಿಮ್ಮನ್ನ ಅಂದರಂತೆ ಒಳಗಿನಿಂದ. ನಾನು ಕಣ್ರೋ, ನಾಯಕ! ಹಾಗೇ ಅಂತಾರೆ ಅಂತ ನಮ್ಮ ನಾಯಕರು ಮೊದಲೇ ಹೇಳಿದ್ದಾರೆ ಅಂದರಂತೆ. ದಳವಾಯಿ ಮುಂದೆ ಬಂದು ನಾಯಕನ ಕೈ ಹಿಡಿದ. ಬಾಗಿಲ ಕಿಂಡಿಯಿಂದ ನೋಡಿದವನು, ದಳವಾಯಿಗಳೇ ನಿಮ್ಮ ಕೈ ನಡುಗ್ತಿದೆ, ನಡೆಯೋದಿಲ್ಲ ಅಂದನಂತೆ. ಅಡುಗೆಯವನನ್ನು ಕರೆದರು. ಅವನು ಕಿಂಡಿಗೆ ಬಾಯಿ ಇಟ್ಟು, ಬಲ್ಲೆ ಅಂದರೂ ಉಳಿಯೋದಿಲ್ಲ, ಅರಿಯೆ ಅಂದರೂ ಉಳಿಯೋದಿಲ್ಲ, ನನ್ನ ಬಿಟ್ಟುಬಿಡಿ ಅಂತ ಅತ್ತುಬಿಟ್ಟನಂತೆ. ಮೂರನೆಯದಾಗಿ ನಾಯಕನ ಹೆಂಡತಿ ಕೋಟೆ ಗೋಡೆ ಮೇಲೆ ಬಂದು ನಿಂತಳು. ನೀನಾದರೂ ಹೇಳೇ ಅಂದನಂತೆ ನಾಯಕ. ಅವರೇ ಹೌದು ಅಂದಳಂತೆ. ಭಯ ಇಲ್ಲ ತಾನೇ ತಾಯಿ ಅಂತ ಬಾಗಿಲವನು ಕೇಳಿದ. ಅವಳು ಬಗ್ಗಿ ಗಂಡನನ್ನು ನೋಡಿದಳು. ಮದುವೆಯಾದಾಗಿಂದ ಇವರ ತುತ್ತು ಮೊದಲು ನಾನು ತಿಂತಾ ಬಂದಿದ್ದೀನಿ, ಭಯ ಇಲ್ಲ ಅಂತ ಹೇಗೆ ಹೇಳಲಪ್ಪಾ ಅಂದಳಂತೆ.

ಆಗ ನಾಯಕ ಕುದುರೆಯಿಂದ ಇಳಿದು ಕಲ್ಲಿನ ಮೇಲೆ ಕೂತನಂತೆ. ಮೇಲೆ ನೋಡಿದರೆ ಆ ಮೃಗ ಒಂದೇ ಕಣ್ಣಲ್ಲಿ ತನ್ನನ್ನೇ ನೋಡ್ತಿದೆ. ಅನುಮಾನ ಪಡೋದು ಗೊತ್ತಿತ್ತು ಅವನಿಗೆ, ಪಡಿಸಿಕೊಳ್ಳೋದು ಗೊತ್ತಿರಲಿಲ್ಲ. ಮೈ ಮೇಲೆ ಹುಳ ಹರಿದ ಹಾಗೆ ಆಯಿತಂತೆ. ಅಟ್ಟಣೆ ಬಿಚ್ಚುತ್ತಿದ್ದ ಕೆಂಚಿಯನ್ನು ನೋಡಿ, ಏ ಹುಡುಗಿ, ನಿನಗಂತೂ ನನ್ನ ಭಯ ಇದ್ದ ಹಾಗೆ ಕಾಣೋದಿಲ್ಲ, ನೀನು ಹೇಳು ಅಂದನಂತೆ. ಗುರುವಿನ ಹೆಬ್ಬೆರಳು ನಿಮ್ಮ ಕೈಲಿ ಇರೋವರೆಗೆ ನನಗೆ ಭಯ ಇದೆ ಸ್ವಾಮಿ ಅಂದಳಂತೆ ಅವಳು. ಅವರನ್ನೇ ಕೇಳಿ.

ಹಂಪಣ್ಣನನ್ನು ಸೆರೆಯಿಂದ ಕಿಂಡಿಯ ಹತ್ತಿರ ಕರೆತಂದರು. ಅವನೂ, ಬೆರಳು ಕತ್ತರಿಸ್ತೀನಿ ಅಂದೋನ ಭಯ ಇಲ್ಲದೆ ಇರುತ್ತಾ ಅಂದನಂತೆ. ಬಾಗಿಲವನು ಕಿಂಡಿ ಮುಚ್ಚೋಕೆ ಹೋದ. ಆಗ ನಾಯಕ ಎದ್ದು ನಿಂತು, ಕೇರಿಯವರೆಲ್ಲ ಗುಂಪು ಸೇರಿದ್ದರಲ್ಲ, ಅವರೆಲ್ಲರ ಎದುರು ಕೂಗಿ ಹೇಳಬೇಕಾಯಿತಂತೆ. ಹಂಪಣ್ಣನ ಬೆರಳು ಹಂಪಣ್ಣನದು, ಅವನನ್ನು ಬಿಟ್ಟಿದ್ದೀನಿ, ಅವನ ಶಿಷ್ಯರನ್ನೂ ಮುಟ್ಟೋದಿಲ್ಲ, ಮುಟ್ಟಿದರೆ ನಾನು ನಾಯಕನೇ ಅಲ್ಲ ಅಂತ.  ಆಮೇಲೆ ಬಾಗಿಲವನು ಹೆಬ್ಬಾಗಿಲೊಳಗಿನ ಚಿಕ್ಕ ದಿಡ್ಡಿ ಬಾಗಿಲು ತೆಗೆದ, ಹಂಪಣ್ಣ ಹೊರಗೆ ಬಂದ, ನಾಯಕನ ಕೈ ಹಿಡಿದ, ಕೈ ನಡುಗಲಿಲ್ಲ. ಇವರನ್ನು ನಾನು ಬಲ್ಲೆ, ಇಷ್ಟು ಅನುಮಾನದ ಮನುಷ್ಯ ಈ ಸೀಮೇಲಿ ಇನ್ನೊಬ್ಬ ಇಲ್ಲ, ನಮ್ಮ ನಾಯಕರೇ ಹೌದು ಅಂದನಂತೆ. ಮೊದಲು ನಕ್ಕವಳು ನಾಯಕನ ಹೆಂಡತಿ. ಯಾಕೆ ನಕ್ಕೆ ಅಂತ ಕೇಳೋಕೆ ನಾಯಕ ಬಾಯಿ ತೆಗೆದವನು ಹಾಗೇ ಮುಚ್ಚಿಕೊಂಡನಂತೆ.

ಆ ರಾತ್ರಿಯಿಂದ ಅವನು ತನ್ನ ತುತ್ತು ತಾನೇ ಮೊದಲು ತಿಂದ. ಒಳ್ಳೆಯವನಾದ ಅಂತಲ್ಲ. ನಾಳೆ ಮತ್ತೆ ಬಾಗಿಲು ಮುಚ್ಚಿದರೆ ನನ್ನ ಭಯ ಇಲ್ಲದೋರು ನಾಲ್ಕು ಜನ ಒಳಗೆ ಇರಲಿ ಅಂತ. ಹಾಗೆ ಲೆಕ್ಕ ಹಾಕಿ ಹಾಕಿ ಸೆರೆಮನೆಯಲ್ಲಿದ್ದೋರನ್ನೆಲ್ಲ ಬಿಟ್ಟನಂತೆ. ಕೇರಿಯವರು ಆ ಮೃಗಕ್ಕೆ ಮೂಸಣ್ಣ ಅಂತ ಹೆಸರಿಟ್ಟರಂತೆ. ಹಂಪಣ್ಣ ಕೆಂಚಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಮೇಲೆ ಶಿಷ್ಯರು ಬರೆದ ಜಾತಕ ನೀನು ನೋಡು ಅಂದನಂತೆ. ಅವಳು ಗುರುವಿಗಿಂತ ಹೆಚ್ಚು ಒರೆಸೋಳಂತೆ.

ಏನು ಕೇಳಿದೆ? ಹೀಗೆಲ್ಲ ಆಗುತ್ತೆ ಅಂತ ಕೆಂಚಿಗೆ ಮೊದಲೇ ಗೊತ್ತಿತ್ತಾ ಅಂತಾನಾ? ನನಗೂ ಅದೇ ಅನುಮಾನ. ಅವಳು ಯಾರಿಗೂ ಹೇಳಲಿಲ್ಲವಂತೆ. ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಕಂಬಳಿ ಒಳಗೆ. ಕತೆ ಮುಗೀತು, ಕಣ್ಣು ಮುಚ್ಚು. ಎರಡೂ ಕಣ್ಣು.