ಲ್ಹಾಸಾದಿಂದ ಬಂದವನ ಶುದ್ಧಿ

ಟಿಬೆಟ್ಟಿನ ಲ್ಹಾಸಾದಿಂದ ಮರಳಿದ ವ್ಯಾಪಾರಿ ನೇರವಾಗಿ ಮನೆಗೆ ಹೋಗುವಂತಿರಲಿಲ್ಲ. ಮೊದಲು ಗುರುವಿನ ಬಳಿ ಶುದ್ಧಿಯಾಗಬೇಕು. ಅಲ್ಲಿಯವರೆಗೆ ಹೆತ್ತ ತಾಯಿ ಕೂಡ ಅವನಿಗೆ ಅನ್ನ ಬಡಿಸುವಂತಿಲ್ಲ. ಕಾಠ್ಮಂಡುವಿನ ನೇವಾರ ಜನಾಂಗದಲ್ಲಿ ಆಗ ಹಾಗೊಂದು ಪದ್ಧತಿಯಿತ್ತು.

ಕುಲಿಮಾನ ಹನ್ನೊಂದು ವರ್ಷದ ಮೇಲೆ ಬಂದಿದ್ದ. ಉಣ್ಣೆಯ ಮೂಟೆಗಳನ್ನು ಊರ ಹೊರಗಿನ ಛತ್ರದಲ್ಲಿಟ್ಟು ವಿಷ್ಣುಮತಿ ನದಿಯ ದಂಡೆಗೆ ನಡೆದ. ಚಿಕ್ಕಂದಿನಲ್ಲಿ ಅವನಿಗೆ ದೀಕ್ಷೆ ಕೊಟ್ಟಿದ್ದ ಜ್ಞಾನಮುನಿ ಗುರುಗಳು ಅಲ್ಲಿ ತಾಮ್ರದ ತಂಬಿಗೆ ಇಟ್ಟುಕೊಂಡು ಕೂತಿದ್ದರು.

“ದಪ್ಪ ಆಗಿದೀಯ ಕಣೋ. ಬೆಣ್ಣೆ ಚಹಾನಾ?”

“ದಿನಕ್ಕೆ ಇಪ್ಪತ್ತು ಬಟ್ಟಲು, ಗುರುಗಳೇ.”

“ಅಯ್ಯೋ! ಅದೊಂದಕ್ಕೇ ಒಂದು ತಂಬಿಗೆ ನೀರು ಬೇಕಾಗುತ್ತೆ.”

ಕುಲಿಮಾನ ನಕ್ಕ. ತಲೆ ಬೋಳಿಸಿಕೊಂಡ. ನದಿಯಲ್ಲಿ ಮುಳುಗೆದ್ದು, ನಡುಗುತ್ತಾ ಬಂದು ಗುರುಗಳ ಮುಂದಿನ ಕಲ್ಲಿನ ಮೇಲೆ ಕೂತ.

“ಈಗ ಒಂದೊಂದೇ ಹೇಳು.”

“ಅಲ್ಲಿಯವರ ಜೊತೆ ಕೂತು ಉಂಡೆ.”

ಗುರುಗಳು ಅವನ ತಲೆಯ ಮೇಲೆ ಸ್ವಲ್ಪ ನೀರು ಸುರಿದರು.

“ಅವರ ಬಟ್ಟಲಲ್ಲೇ ಕುಡಿದೆ.”

ಮತ್ತೆ ಸುರಿದರು.

“ಅಲ್ಲಿ ಸಂಸಾರ ಮಾಡಿದೆ. ಡೋಲ್ಕರ್ ಅಂತ ಅವಳ ಹೆಸರು. ಅಂಗಡೀನ ನನಗಿಂತ ಚೆನ್ನಾಗಿ ನಡೆಸ್ತಾಳೆ.”

“ನಿಮ್ಮಪ್ಪನೂ ಮಾಡಿದ್ದ. ಇದೇ ಕಲ್ಲಿನ ಮೇಲೆ ಕೂತು ಹೇಳಿದ್ದ.”

ಕುಲಿಮಾನ ತಟ್ಟನೆ ತಲೆ ಎತ್ತಿದ. “ಯಾರ ಹೆಸರು ಹೇಳಿದ?”

“ಅದು ಅವನ ಶುದ್ಧಿ. ನಿಂದು ಮುಂದುವರಿಸು.”

“ಅಷ್ಟೇ, ಗುರುಗಳೇ.”

ಕೊನೆಯ ಮಂತ್ರ ಹೇಳಿ ಅವರು ಕೈ ಒರೆಸಿಕೊಂಡರು. “ಹಾಗಾದರೆ ಹೋಗು. ನಿಮ್ಮಮ್ಮ ಬೆಳಗಿನಿಂದ ಮೂರು ಸಲ ಅನ್ನ ಬಿಸಿ ಮಾಡಿದಾಳಂತೆ.”

ಕುಲಿಮಾನ ಏಳಲಿಲ್ಲ.

“ಮತ್ತೇನೋ?”

“ಇನ್ನು ಆ ದಾರಿ ಸಾಕು ಅಂತ ಅಮ್ಮ ಹೇಳಿಕಳಿಸಿದಾಳೆ. ಲ್ಹಾಸಾದ ಅಂಗಡಿಗೆ ಇನ್ನು ತಮ್ಮ ಹೋಗ್ತಾನಂತೆ.”

“ಗೊತ್ತು.”

“ಅಲ್ಲಿ ಮಗಳಿದಾಳೆ. ಯಾಂಗ್ಕಿ. ಆರು ವರ್ಷ.”

“ಕರಕೊಂಡು ಬರಲಿಲ್ಲವೇ?”

“ಗಂಡಾಗಿದ್ದರೆ ಬರಬಹುದಿತ್ತು. ಗಂಡುಮಕ್ಕಳು ನಮ್ಮವರು, ಹೆಣ್ಣುಮಕ್ಕಳು ಅಲ್ಲಿಯವರು. ಹಾಗಂತ ಎರಡೂ ಕಡೆಯವರು ಒಪ್ಪಿಕೊಂಡಿದಾರೆ.”

“ನೀನು ಒಪ್ಪಿಕೊಂಡೆಯಾ?”

ಅವನು ನದಿಯ ಕಡೆ ನೋಡಿದ. ನೀರು ಉತ್ತರದ ಬೆಟ್ಟಗಳಿಂದ ಇಳಿದು ಬರುತ್ತಿತ್ತು.

“ಹೊರಡೋ ದಿನ ಬಾಗಿಲಲ್ಲಿ ನಿಂತಿದ್ಲು, ಗುರುಗಳೇ. ಹೇಸರಗತ್ತೆಗಳ ಮೇಲೆ ಮೂಟೆ ಏರಿಸೋದು ನೋಡಿ, ಎಲ್ಲಿಗಪ್ಪಾ ಅಂತ ಕೇಳಿದ್ಲು. ಬಾರ್ಲಿ ಹೊಲದ ತನಕ ಅಂದೆ. ಸಂಜೆ ಹೊತ್ತಿಗೆ ಬರ್ತೀನಿ ಅಂದೆ.”

“ನಂಬಿದಳಾ?”

“ನಂಬಿದ್ಲು. ಬರ್ತಾ ಹಸಿ ತೆನೆ ತಾ ಅಂದ್ಲು.”

ಅವನು ಬೋಳು ತಲೆಯ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡ.

“ಒಂದೂವರೆ ತಿಂಗಳಾಯ್ತು. ದಿನಾ ಬಾಗಿಲಿಗೆ ಬಂದು ನೋಡ್ತಾಳೋ ಏನೋ. ನೋಡೋದು ಬಿಟ್ಟಿದ್ದರೆ ಅದು ಇನ್ನೂ ಕಷ್ಟ. ಈ ಸುಳ್ಳನ್ನೂ ತೊಳೆದುಬಿಡಿ. ಇದನ್ನ ಇಟ್ಟುಕೊಂಡು ಅಮ್ಮನ ಮುಂದೆ ಊಟಕ್ಕೆ ಕೂರೋಕೆ ನನ್ನಿಂದ ಆಗಲ್ಲ.”

ಅವನು ತಲೆ ತಗ್ಗಿಸಿ ಕಣ್ಣು ಮುಚ್ಚಿದ.

ತಲೆಯ ಮೇಲೆ ನೀರು ಬೀಳಲಿಲ್ಲ.

ಕಣ್ಣು ತೆರೆದು ನೋಡಿದರೆ, ಗುರುಗಳು ತಂಬಿಗೆಯಲ್ಲಿ ಉಳಿದ ನೀರನ್ನು ನದಿಗೇ ಚೆಲ್ಲುತ್ತಿದ್ದರು.

“ಯಾಕೆ, ಗುರುಗಳೇ?”

“ಸಂಜೆ ಬರ್ತೀನಿ ಅಂದೆಯಲ್ಲ. ಯಾವ ಸಂಜೆ ಅಂತ ಹೇಳಿದ್ದೆಯಾ?”

“ಇಲ್ಲ.”

ಗುರುಗಳು ಖಾಲಿ ತಂಬಿಗೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿದರು.

“ಹಾಗಾದರೆ ಅದಿನ್ನೂ ಸುಳ್ಳಾಗಿಲ್ಲ.”