ಒಣಗಲಿಟ್ಟ ಮಂಟಪ

ಹೊಳೆದಂಡೆಯ ಮಠದಲ್ಲಿ ಪಾಠ ಹೇಳುತ್ತಿದ್ದವರು ಚನ್ನವೀರಜ್ಜ. ಶಿಷ್ಯ ಮೌನೇಶ ಬಡಿಗರ ಮನೆತನದವನು, ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವನು.

ಅಜ್ಜನಿಗೊಂದು ಮರದ ಮಂಟಪ ಕಟ್ಟಬೇಕೆಂದು ಅವನು ಮತ್ತಿ ಮರದ ತೊಲೆ, ಹಲಗೆಗಳನ್ನು ಚಪ್ಪರದ ನೆರಳಲ್ಲಿ ಒಟ್ಟಿದ್ದ. ಗಾಳಿಯಾಡಲೆಂದು ನಡುನಡುವೆ ಮರದ ಸಣ್ಣ ಪಟ್ಟಿಗಳ ರೀಪು ಕೊಟ್ಟಿದ್ದ. ಹಲಗೆ ಸೊಟ್ಟಗಾಗದಿರಲೆಂದು ಮೇಲೆ ಕಲ್ಲು ಹೇರಿದ್ದ. ಮರ ಒಣಗಲು ಇನ್ನೂ ಎರಡು ವರ್ಷ ಬೇಕಿತ್ತು.

ಅಜ್ಜನ ಕೆಮ್ಮು ಅಷ್ಟು ದಿನ ಕಾಯುವ ಹಾಗೆ ಕಾಣಲಿಲ್ಲ.

ಮೌನೇಶನಿಗೆ ತಡೆಯಲಾಗಲಿಲ್ಲ. ಕಲ್ಲು ಇಳಿಸಿ, ಬೇಗ ಒಣಗಲೆಂದು ಒಂದು ತೊಲೆಯನ್ನು ಬಿಸಿಲಿಗೆ ಎಳೆದ. ಬಡಿಗನಾಗಿ ಹುಟ್ಟಿದವನು ಮಾಡುವ ಕೆಲಸವೇ ಅದು! ನಾಲ್ಕನೇ ದಿನಕ್ಕೆ ತೊಲೆ ಉದ್ದಕ್ಕೂ ಸೀಳಿತು.

ಓಡಿಹೋಗಿ ಅಜ್ಜನ ಕಾಲಿಗೆ ಬಿದ್ದ.

“ತಪ್ಪಾತ್ರಿ ಅಜ್ಜಾರ. ಚೊಲೋ ತೊಲಿ ಹಾಳು ಮಾಡಿದೆ.”

“ಯಾಕೋ ಅಷ್ಟು ಅವಸರ ಮಾಡಿದಿ?”

“ನೀವು ಇರೋದರೊಳಗ ಮಂಟಪ ಏಳಬೇಕ್ರಿ. ನೀವು ಅದರಾಗ ಕುಂತು ಪಾಠ ಹೇಳಬೇಕು. ಈ ಒರಟು ಕೈ ಹಿಡಿದು ಅಕ್ಷರ ಬರೆಸಿದವರು ನೀವು. ನಾ ಮತ್ತೇನು ಕೊಡಲಿ?”

ಅಜ್ಜನ ಕಣ್ಣು ತುಂಬಿತು. ಬೆನ್ನ ಹಿಂದಿನ ಕಂಬವನ್ನು ಮೆಲ್ಲಗೆ ಸವರಿದರು.

“ಇದು ನಮ್ಮ ಗುರುಗಳು ಒಣಗಿಸಿಟ್ಟ ಮರ. ಇದರ ಬುಡಕ್ಕ ಅವರು ಒಂದು ದಿನಾನೂ ಕುಂಡರಲಿಲ್ಲ. ನಾ ದಿನಾ ಬೆನ್ನು ಆನಸ್ತೀನಿ, ದಿನಾ ಅವರನ್ನ ನೆನೀತೀನಿ.”

“ನಿಮಗೂ ಹಂಗ ಆಗಬಾರದ್ರಿ!” ಮೌನೇಶ ಅತ್ತೇಬಿಟ್ಟ.

“ಏಳು. ಸೀಳಿದ ತೊಲಿ ಕೊಯ್ದು ರೀಪು ಮಾಡು. ಉಳಿದ ಮರಕ್ಕ ಗಾಳಿ ಸಿಗಲಿ.”

ಮೌನೇಶ ಮೂಗು ಒರೆಸಿಕೊಂಡು ಗರಗಸ ಹಿಡಿದ. ಹೊಸ ರೀಪು ಕೊಟ್ಟು ಮರವನ್ನೆಲ್ಲ ಮತ್ತೆ ಒಟ್ಟಿದ. ಕಲ್ಲು ಎತ್ತಲು ಬಗ್ಗಿದಾಗ ಅಜ್ಜ ಕೋಲೂರಿಕೊಂಡು ಅಲ್ಲಿಗೇ ಬಂದರು.

“ಕಲ್ಲು ಇರಲಿ ಬಿಡು. ಕೈ ಕೊಡು.”

ಅವನ ಹೆಗಲು ಹಿಡಿದು, ಒಟ್ಟಿದ ಮರದ ಮೇಲೆ ಹತ್ತಿದರು. ಒಂದಷ್ಟು ಕೆಮ್ಮಿದರು. ಆಮೇಲೆ ಕಾಲು ಮಡಚಿಕೊಂಡು ನೆಟ್ಟಗೆ ಕೂತರು.

ಮೌನೇಶ ಬಾಯಿ ಬಿಟ್ಟುಕೊಂಡು ನಿಂತೇ ಇದ್ದ.

“ಏನ್ ನೋಡ್ತಿ? ನಿನ್ನ ಮಂಟಪದಾಗ ಕುಂತೀನಿ. ಪುಸ್ತಕ ತಗೊಂಡು ಬಾ.”