ಮೂವತ್ತೊಂದು ಜನರ ಹಡಗು

ಸಾಂಕ್ರಾಮಿಕ ರೋಗದಿಂದಾಗಿ ಒಂದು ದೊಡ್ಡ ಪ್ರವಾಸಿ ಹಡಗು ಹತ್ತು ತಿಂಗಳು ಬಂದರಿನಲ್ಲೇ ನಿಂತಿತ್ತು. ಕೊನೆಗೆ ಹೊರಡಲು ಅನುಮತಿ ಸಿಕ್ಕಿತು. ಆದರೆ ಎರಡು ಸಾವಿರ ಜನ ಹಿಡಿಸುವ ಆ ಹಡಗನ್ನು ಹತ್ತಿದವರು ಮೂವತ್ತೊಂದೇ ಮಂದಿ.

ಅದನ್ನು ಎಳೆದು ಕಡಲಿಗೆ ಬಿಡಲು ಬಂದ ಪುಟ್ಟ ಟಗ್ ದೋಣಿಗೆ ಹಡಗು ಹೇಳಿತು: "ನಾನು ಬರುವುದಿಲ್ಲ. ಇಷ್ಟು ಖಾಲಿಯಾಗಿ ಹೋದರೆ ನನ್ನ ಮರ್ಯಾದೆ ಏನಾಗಬೇಕು?"

"ಅಣ್ಣಾ, ಹತ್ತಿದವರು ಯಾರೆಂದು ನೋಡಿದೆಯಾ?" ಎಂದಿತು ದೋಣಿ.

ಹಡಗು ನೋಡಿತು. ಡೆಕ್ಕಿನ ಕಂಬಿ ಹಿಡಿದು ಲುಡ್ವಿನಾ ಎಂಬ ನರ್ಸ್ ನಿಂತಿದ್ದಳು. ವರ್ಷವಿಡೀ ರೋಗಿಗಳ ನಡುವೆ ದುಡಿದ ಅವಳಿಗೆ ಇದು ಮೊದಲ ರಜೆ. "ಅಮ್ಮಾ, ಈ ಗಾಳಿಗೆ ಔಷಧಿಯ ವಾಸನೆಯೇ ಇಲ್ಲ!" ಎಂದು ಪಕ್ಕದಲ್ಲಿದ್ದ ತಾಯಿಗೆ ಹೇಳಿ ಅವಳು ಗಳಗಳನೆ ಅತ್ತಳು.

ಹಡಗಿಗೆ ನಾಚಿಕೆಯಾಯಿತು. "ಹಗ್ಗ ಎಳೆ ತಮ್ಮಾ," ಎಂದು ಹೇಳಿ, ತುಂಬಿ ಹೊರಡುವಾಗ ಕೂಗುತ್ತಿದ್ದಷ್ಟೇ ಜೋರಾಗಿ ಸೈರನ್ ಕೂಗಿ ಹೊರಟಿತು.

ಆ ಕೂಗು ಊರೊಳಗೆ ಕೇಳಿಸಿತು. ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದವು. "ಹಡಗು ಹೊರಟಿತಲ್ಲ! ಹಾಗಾದರೆ ನಾವೂ ಹೊರಡಬಹುದು," ಎಂದು ಜನ ಮಾತಾಡಿಕೊಂಡರು. ಹದಿನೈದು ದಿನದ ಮೇಲೆ ಹಡಗು ತಿರುಗಿ ಬಂದಾಗ, ಮುಂದಿನ ಪ್ರಯಾಣಕ್ಕೆಂದು ತೊಂಬತ್ತು ಮಂದಿ ಪೆಟ್ಟಿಗೆ ಹಿಡಿದು ದಡದಲ್ಲಿ ಕಾಯುತ್ತಿದ್ದರು.